ಇಬ್ಬರಿಗೆಂದು ಬಿಗಿದ ಸ್ಪ್ರಿಂಗ್

ಭಾನುವಾರ, ಮಾರ್ಚ್ ೧೨
ಮಧ್ಯಾಹ್ನ, ಅಂಗಡಿಯ ಹಿಂದಿನ ಕೋಣೆಯಿಂದ

ಪ್ರೀತಿಯ ಬ್ರೇಕಮ್ಮನಿಗೆ,

ಇಲ್ಲಿ ನಾನು ಕ್ಷೇಮ, ಬೆಕ್ಕು ಕ್ಷೇಮ, ಬಾಲ್ಕನಿಯ ಗಿಡಗಳಲ್ಲಿ ಅರ್ಧ ಕ್ಷೇಮ. ಗಾಡಿ ಮಾತ್ರ ಕ್ಷೇಮವಿಲ್ಲ. ನಿನ್ನ ಪತ್ರ ಬಂದು ಬಹಳ ದಿನವಾಯಿತು, ಉತ್ತರ ಬರೆಯಲಿಲ್ಲ, ಹೊಟ್ಟೆಗೆ ಹಾಕಿಕೋ. ಕೆಲಸ ಜಾಸ್ತಿ ಇತ್ತು ಎಂದು ಬುರುಡೆ ಬಿಡಬಹುದಿತ್ತು. ಆದರೆ ಕನ್ನಡಕದ ಅಂಗಡಿಯಲ್ಲಿ ಎಷ್ಟು ಕೆಲಸ ಇರುತ್ತದೆಂದು ನಿನಗೆ ಗೊತ್ತೇ ಇದೆ. ಬಂದವರ ಕಣ್ಣೆದುರು ಗಾಜು ಹಿಡಿದು "ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಾ?" ಎಂದು ಕೇಳಿ ಕೇಳಿ ಸಂಜೆಯ ಹೊತ್ತಿಗೆ ಬಾಯಿ ಸೋತಿರುತ್ತದೆ. ಮನೆಗೆ ಬಂದರೆ ಪೆನ್ನು ಹಿಡಿಯಲು ಕೈ ಏಳುವುದಿಲ್ಲ. ಫೋನ್ ಮಾಡಬಾರದಿತ್ತಾ ಅನ್ನಬೇಡ. ಫೋನಿನಲ್ಲಿ ನಾನು ಒಂದು ಮಾತು ಶುರು ಮಾಡುವಷ್ಟರಲ್ಲಿ ನಿನಗೆ ಆಸ್ಪತ್ರೆಯ ವಾರ್ಡಿನಿಂದ ಕರೆ ಬರುತ್ತದೆ, ಇಲ್ಲವೇ ಚಿಕ್ಕವಳು "ದೊಡ್ಡಮ್ಮಾ" ಎಂದು ಕೂಗುತ್ತಾಳೆ. ಪತ್ರಕ್ಕೆ ಆ ಕಾಟವಿಲ್ಲ.

ನಿನ್ನ ತಂಗಿ ಹೋದ ಮೇಲೆ ಈಗೀಗ ಆ ಹುಡುಗಿಯರು ನಗುತ್ತಿದ್ದಾರೆ ಎಂದು ಬರೆದಿದ್ದೀಯ. ಓದಿ ಸಮಾಧಾನವಾಯಿತು. ಅವರಪ್ಪ ಹಡಗು ಹತ್ತಿದರೆ ಮುಖ ತೋರಿಸುವುದು ವರ್ಷಕ್ಕೊಮ್ಮೆ. ನೀನಿಲ್ಲದಿದ್ದರೆ ಅವರಿಗೆ ಯಾರಿದ್ದಾರೆ? ಕಾಯಿಲೆಯ ತಂಗಿಯನ್ನು ನೋಡಿಕೊಳ್ಳಲು ಒಂದು ಚೀಲ ಹಿಡಿದು ಹೊರಟವಳು ನೀನು. ತಂಗಿಯ ಮಕ್ಕಳನ್ನು ಬಿಟ್ಟು ಬಾ ಎಂದು ನಾನು ಅಂದಿಲ್ಲ, ಅನ್ನುವುದೂ ಇಲ್ಲ.

"ಗಾಡಿ ಹೇಗಿದೆ?" ಎಂದು ಪ್ರತಿ ಪತ್ರದಲ್ಲೂ ಕೇಳುತ್ತೀಯ. ಕೇಳು ಅದರ ಕಥೆ. ಜೋರಾಗಿ ಹೋಗುವಾಗ ಏನೂ ಇಲ್ಲ. ಆಕ್ಸಿಲರೇಟರ್ ಬಿಟ್ಟು ವೇಗ ಇಳಿಯುತ್ತಾ ಬಂದಾಗ ಹ್ಯಾಂಡಲ್ ಎಡಕ್ಕೂ ಬಲಕ್ಕೂ ತಲೆಯಾಡಿಸಲು ಶುರು ಮಾಡುತ್ತದೆ, ಒಲ್ಲೆ ಒಲ್ಲೆ ಅನ್ನುವ ಮಗುವಿನ ಹಾಗೆ. ಗಟ್ಟಿಯಾಗಿ ಹಿಡಿದರೆ ಇನ್ನೂ ಹಟ. ಮೊದಲು ರಸ್ತೆಯನ್ನು ಬೈದೆ. ಆಮೇಲೆ ಗಾಳಿಯನ್ನು. ಟೈರಿನ ಗಾಳಿ ನೋಡಿಸಿದೆ, ಸರಿಯಾಗಿತ್ತು. ಕೊನೆಗೆ ನಮ್ಮ "ಆಗುತ್ತೆ ಬಿಡಿ" ಮೆಕ್ಯಾನಿಕ್ ಹತ್ತಿರ ಹೋದೆ. ಅವನು ಇನ್ನೂ ಹಾಗೇ ಇದ್ದಾನೆ, ಇಂಜಿನ್ ಕಳಚಿ ಬಿದ್ದರೂ "ಆಗುತ್ತೆ ಬಿಡಿ ಸಾರ್" ಅನ್ನುವವನೇ.

ಮುಂದಿನ ಚಕ್ರವನ್ನು ಎತ್ತಿ ನಿಲ್ಲಿಸಿ, ಹ್ಯಾಂಡಲನ್ನು ಆ ಕಡೆ ಈ ಕಡೆ ತಿರುಗಿಸಿ, "ಕೋನ್‌ಸೆಟ್ ಹೋಗಿದೆ ಸಾರ್" ಎಂದ. ಹ್ಯಾಂಡಲ್ ತಿರುಗುವ ಕಡೆ ಇರುವ ಬೇರಿಂಗಿಗೆ ಅವರು ಹಾಗನ್ನುತ್ತಾರೆ. ಹೊಸದು ಹಾಕಿದ. ಅಲುಗಾಟ ಹೋಗಲಿಲ್ಲ. ಚಕ್ರ ಬಿಚ್ಚಿ ಬ್ಯಾಲೆನ್ಸ್ ಮಾಡಿಸಿದ. ಹೋಗಲಿಲ್ಲ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಆಯಿಲ್ ಬದಲಾಯಿಸಿದ. "ಈಗ ನೋಡಿ ಸಾರ್, ಬೆಣ್ಣೆ!" ಎಂದ. ಬೆಣ್ಣೆಯೂ ಇಲ್ಲ ಸುಣ್ಣವೂ ಇಲ್ಲ. ನಾನು ಗಾಜು ಬದಲಾಯಿಸುವ ಹಾಗೆ ಒಂದೊಂದೇ ಬದಲಾಯಿಸು, ಎರಡೆರಡು ಬೇಡ ಎಂದು ಹೇಳುತ್ತಲೇ ಇದ್ದೆ. "ನೀವು ಕಣ್ಣು ನೋಡ್ಕೊಳ್ಳಿ ಸಾರ್, ಚಕ್ರ ನನಗೆ ಬಿಡಿ" ಎಂದು ನನ್ನ ಬಾಯಿ ಮುಚ್ಚಿಸಿದ.

ಆಮೇಲೆ ಮುಂದಿನ ಟೈರನ್ನು ಅಂಗೈಯಲ್ಲಿ ಸವರಿ ನೋಡಿದ. ನನ್ನ ಕೈಯನ್ನೂ ಹಿಡಿದು ಸವರಿಸಿದ. ಕಣ್ಣಿಗೆ ಕಾಣದ ಏರಿಳಿತ ಕೈಗೆ ಸಿಕ್ಕಿತು. ಟೈರು ಸಮನಾಗಿ ಸವೆಯದೆ ಅಲೆ ಅಲೆಯಾಗಿ ಸವೆದಿತ್ತು. "ಎರಡೂ ಹಳೇವಾಗಿವೆ. ಜೋಡಿ ಹೊಸದು ತಗೊಂಡ್ಬನ್ನಿ" ಎಂದ. ಅಲ್ಲಿಗೆ ಮುಗಿಯಿತಲ್ಲ ಎಂದುಕೊಂಡೆ.

ಟೈರ್ ಅಂಗಡಿ ನಿನಗೆ ನೆನಪಿರಬೇಕು. ಗಂಡ ಗೋಡೌನಿನಲ್ಲಿ ಮಲಗಿರುತ್ತಾನೆ, ಹೆಂಡತಿ ವ್ಯಾಪಾರ ನೋಡುತ್ತಾಳೆ. ಆಕೆ ಎರಡು ಬಗೆಯ ಟೈರ್ ಉರುಳಿಸಿಕೊಂಡು ಬಂದು ಕೇಳಿದಳು, "ಅಣ್ಣಾ, ಒಬ್ಬರೇ ಓಡಿಸ್ತೀರಾ, ಹಿಂದೆ ಯಾರಾದ್ರೂ ಕೂತ್ಕೋತಾರಾ?"

"ಯಾಕಮ್ಮಾ?" ಅಂದೆ.

"ಇಬ್ಬರು ಕೂತು, ಲಗೇಜು ಕಟ್ಟಿ ದೂರ ಹೋಗೋದಾದ್ರೆ ಈ ಗಟ್ಟಿ ಟೈರ್ ತಗೊಳ್ಳಿ. ಭಾರ ತಡಿಯುತ್ತೆ, ಬೇಗ ಸವೆಯಲ್ಲ. ಒಬ್ಬರೇ ಆದ್ರೆ ಇದು ದಂಡ. ಆಗ ಈ ಮೆತ್ತಂದು ವಾಸಿ, ಒದ್ದೆ ರಸ್ತೇಲಿ ಚೆನ್ನಾಗಿ ಹಿಡ್ಕೊಳ್ಳುತ್ತೆ. ಹೇಳಿ, ಒಬ್ಬರಾ, ಇಬ್ಬರಾ?"

ಅಷ್ಟು ಸಣ್ಣ ಪ್ರಶ್ನೆಗೆ ನಾನು ಎರಡೂ ಟೈರನ್ನು ಸರದಿಯಲ್ಲಿ ಒತ್ತಿ ಒತ್ತಿ ನೋಡಿದೆ. ಅಂಗಡಿಯಲ್ಲಿ ದಿನವಿಡೀ ಇದಾ ಅದಾ ಎಂದು ಕೇಳುವವನು ನಾನು, ಉತ್ತರಿಸಲು ಒದ್ದಾಡುವವರನ್ನು ಕಂಡರೆ ಒಳಗೊಳಗೇ ನಗುವವನು. "ಮನೇಲಿ ಕೇಳಿ ಹೇಳ್ತೀನಿ" ಎಂದು ಬಂದುಬಿಟ್ಟೆ. ಮನೆಯಲ್ಲಿ ಬೆಕ್ಕು ಬಿಟ್ಟರೆ ಯಾರಿದ್ದಾರೆ ಕೇಳಲು?

ಬರಿಗೈಯಲ್ಲಿ ಬಂದದ್ದಕ್ಕೆ ಮೆಕ್ಯಾನಿಕ್ ಗೊಣಗಿದ. ಗೊಣಗುತ್ತಲೇ ಗಾಡಿಯ ಸುತ್ತ ಒಂದು ಸುತ್ತು ಬಂದವನು ಹಿಂದಗಡೆ ಕುಕ್ಕರಗಾಲಲ್ಲಿ ಕೂತ.

"ಸಾರ್, ಹಿಂದಿನ ಸ್ಪ್ರಿಂಗ್ ಯಾಕೆ ಇಷ್ಟು ಬಿಗಿ ಇದೆ?"

"ಇಬ್ಬರಿಗೆ, ಜೊತೆಗೆ ಲಗೇಜಿಗೆ ಅಂತ ನೀನೇ ಬಿಗಿದಿದ್ದಲ್ವಾ?"

"ಅದು ನೀವು ಟೂರ್ ಹೋಗೋವಾಗ. ಮೇಡಂ ಇದ್ದಾಗ. ಈಗ ಹಿಂದೆ ಯಾರಿದಾರೆ ಸಾರ್? ಭಾರ ಇಲ್ಲ ಅಂದ್ರೆ ಗಾಡಿ ಬಾಲ ಎತ್ಕೊಂಡು, ಮೂತಿ ಬಗ್ಗಿಸ್ಕೊಂಡು ಓಡುತ್ತೆ. ಹ್ಯಾಂಡಲ್ ಅಲುಗದೆ ಇನ್ನೇನು ಮಾಡುತ್ತೆ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ನಾವಿಬ್ಬರೂ ಇಷ್ಟು ದಿನ ಮುಂದಿನ ಚಕ್ರಕ್ಕೆ ಚಿಕಿತ್ಸೆ ಮಾಡುತ್ತಿದ್ದೆವು. ಅವನು ಸ್ಪ್ಯಾನರ್ ಹಾಕಿ ಸ್ಪ್ರಿಂಗನ್ನು ಒಬ್ಬನಿಗೆ ಬೇಕಾದಷ್ಟಕ್ಕೆ ಸಡಿಲಿಸಿದ. ಹೆದ್ದಾರಿಗೆ ಹೋದೆ. ವೇಗ ಏರಿಸಿ ಆಕ್ಸಿಲರೇಟರ್ ಬಿಟ್ಟೆ. ಹಳೇ ಟೈರಿನಲ್ಲೇ, ಅಂಗೈಯಲ್ಲಿ ಚೂರು ತುರಿಕೆಯಂಥದ್ದು ಬಿಟ್ಟರೆ ಏನೂ ಇಲ್ಲ. ಗಾಡಿ ನೆಟ್ಟಗೆ, ಸುಮ್ಮನೆ ಹೋಯಿತು. ನನಗೆ ಸಂತೋಷವಾಗಬೇಕಿತ್ತು. ರಸ್ತೆ ಬದಿಗೆ ನಿಲ್ಲಿಸಿ ಹೆಲ್ಮೆಟ್ಟಿನೊಳಗೇ ಅತ್ತೆ. ಒಳಗಿಂದ ಗಾಜು ಮಂಜಾಯಿತು. ಲಾರಿಯವನೊಬ್ಬ ನಿಲ್ಲಿಸಿ "ಏನಾಯ್ತು ಯಜಮಾನ್ರೇ, ಪೆಟ್ರೋಲ್ ಖಾಲಿನಾ?" ಎಂದು ಕೇಳಿದ. ಹೌದಪ್ಪಾ ಎಂದೆ.

ಮಾರನೆಯ ದಿನ ಗ್ಯಾರೇಜಿಗೆ ಹೋಗಿ ಸ್ಪ್ರಿಂಗನ್ನು ಮೊದಲಿನಷ್ಟೇ ಬಿಗಿ ಮಾಡು ಎಂದೆ. "ತಲೆ ಕೆಟ್ಟಿದೆಯಾ ಸಾರ್? ಬೀಳ್ತೀರಿ!" ಎಂದು ಬೈದ. ಅವನ ಬಾಯಲ್ಲಿ "ಆಗುತ್ತೆ ಬಿಡಿ" ಬಾರದೇ ಇದ್ದದ್ದು ಅದೊಂದೇ ಸಲ. ಮುಖ ಊದಿಸಿಕೊಂಡೇ ಬಿಗಿದುಕೊಟ್ಟ. ಗಾಬರಿಯಾಗಬೇಡ, ಮನೆಯಿಂದ ಅಂಗಡಿಗೆ ಮೆಲ್ಲಗೆ ಓಡಿಸುತ್ತೇನೆ, ಅಷ್ಟೇ. ಅಲುಗುತ್ತದೆ. ಅಲುಗಲಿ.

ನೀನು ಹಿಂದೆ ಕೂತು ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಿದ್ದೆಯಲ್ಲ, ಪ್ರತಿ ತಿರುವಿನಲ್ಲೂ? ಅದಕ್ಕೇ ಬ್ರೇಕಮ್ಮ ಎಂದು ಹೆಸರಿಟ್ಟು ಎಷ್ಟು ರೇಗಿಸಿದೆ. ಹೊಸದರಲ್ಲಿ ನೀನು "ರೀ" ಎನ್ನುತ್ತಿದ್ದೆ. ಗಾಳಿಯಲ್ಲಿ ನನಗೆ ಕೇಳಿಸುವುದಿಲ್ಲವೆಂದು ಬೆನ್ನಿಗೆ ಗುದ್ದಿ "ಏ ಡ್ರೈವರ್" ಎಂದು ಕೂಗಲು ಶುರು ಮಾಡಿದೆ, ಅದೇ ಖಾಯಂ ಆಯಿತು. ಈಗ ತಿರುವು ಬಂದಾಗ ಬೆನ್ನಿಗೆ ಗುದ್ದು ಬೀಳುತ್ತದೆಂದು ಭುಜ ತಾನಾಗಿ ಬಿಗಿಯಾಗುತ್ತದೆ. ಸುಸ್ತಾಗಿದೆ ಕಣೇ. ಮೈಗಲ್ಲ.

ಟೈರಿನಾಕೆ ಎರಡು ಜೋಡಿಯನ್ನೂ ಬದಿಗೆ ಎತ್ತಿಟ್ಟಿದ್ದಾಳೆ. ದಾರಿಯಲ್ಲಿ ಸಿಕ್ಕಾಗಲೆಲ್ಲ "ಅಣ್ಣಾ, ಮನೇಲಿ ಕೇಳಿದ್ರಾ?" ಎನ್ನುತ್ತಾಳೆ. ಅದಕ್ಕೇ ಕೇಳುತ್ತಿದ್ದೇನೆ. ಗಟ್ಟಿಯದಾ, ಮೆತ್ತನೆಯದಾ?

ಡ್ಯೂಟಿ ಇದ್ದ ದಿನ ನಿಂತುಕೊಂಡೇ ಊಟ ಮಾಡಬೇಡ. ದೊಡ್ಡವಳಿಗೆ ತಲೆನೋವು ಅಂದಿದ್ದೆ, ಒಮ್ಮೆ ಕಣ್ಣು ತೋರಿಸು. ಅದು ಮಾತ್ರ ನನ್ನ ಸೀಮೆಯ ವಿದ್ಯೆ. ಮಕ್ಕಳಿಬ್ಬರಿಗೂ ದೊಡ್ಡಪ್ಪನ ಆಶೀರ್ವಾದ. ಚೆನ್ನಾಗಿ ಓದಲಿ, ಚೆನ್ನಾಗಿ ಜಗಳವಾಡಲಿ, ನೂರು ಕಾಲ ಬಾಳಲಿ.

ಇಂತಿ ನಿನ್ನ
ಡ್ರೈವರ್

ತಾ.ಕ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ, ಹರಿದಿರುವುದಕ್ಕೆ ಬೈಯಬೇಡ. ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಖಾಯಂ ಆಯಿತು ಎಂದು ಬರೆದಿದ್ದೀಯ. ಚಿಕ್ಕವಳು ನಿದ್ದೆಗಣ್ಣಲ್ಲಿ ನಿನ್ನನ್ನು "ಅಮ್ಮಾ" ಎಂದಳು ಎಂದೂ ಬರೆದಿದ್ದೀಯ. ನಮ್ಮ ಮನೆಯಲ್ಲಿ ಯಾರೂ ನಿನ್ನನ್ನು ಹಾಗೆ ಕರೆಯಲಿಲ್ಲ, ಈಗಲಾದರೂ ಕರೆದರಲ್ಲ ಎಂದು ನನಗೆ ನಿಜವಾಗಿ ಖುಷಿಯಾಯಿತು. ಊಟದ ಮೇಜನ್ನು ಕಿಟಕಿಯ ಹತ್ತಿರ ಸರಿಸಿದ್ದು, ಮೂವರಿಗೂ ಅಲ್ಲಿ ಒಳ್ಳೇ ಗಾಳಿ ಬರುವುದು, ಎಲ್ಲ ಓದಿದೆ. ನೀನು ಇನ್ನು ಇಲ್ಲಿಗೆ ಬರುವುದಿಲ್ಲ ಎಂಬುದು ಅರ್ಥವಾಗಿದೆ. ನನಗೆ ನೋವು ಅದಲ್ಲ. ಇಷ್ಟು ಪತ್ರಗಳಲ್ಲಿ ನೀನು ಗಾಡಿಯನ್ನು ಕೇಳಿದೆ, ಬೆಕ್ಕನ್ನು ಕೇಳಿದೆ, ಗಿಡಗಳನ್ನು ಕೇಳಿದೆ, ಒಂದು ಸಲವೂ "ನೀನೂ ಬಾ" ಎಂದು ಬರೆಯಲಿಲ್ಲವಲ್ಲ. ಕಣ್ಣು ಮಂಜಾಗುವವರು ಎಲ್ಲ ಊರಲ್ಲೂ ಇರುತ್ತಾರೆ, ಅಂಗಡಿಯನ್ನು ಅಲ್ಲೂ ಇಡಬಹುದು. ಆ ಮೇಜಿಗೆ ಇನ್ನೊಂದು ಕುರ್ಚಿ ಹಿಡಿಸುತ್ತದಾ? ಟೈರಿನ ವಿಷಯ ಬಿಡು, ಇದಕ್ಕೆ ಉತ್ತರ ಬರೆ. ಬಾ ಎಂದರೆ ಸ್ಪ್ರಿಂಗ್ ಸಡಿಲಿಸಿಕೊಂಡು, ಮೆತ್ತನೆಯ ಟೈರ್ ಹಾಕಿಸಿಕೊಂಡು ಒಬ್ಬನೇ ಹೊರಟು ಬರುತ್ತೇನೆ. ಬೇಡವೆಂದರೆ ಅದನ್ನೂ ಬರೆ. ಆಗಲೂ ಸಡಿಲಿಸಲೇಬೇಕಲ್ಲ.