ಕೆಳಬೀದಿಯ ಜೌಗು

ಮಡಿಕೇರಿ
೨೮ ಜುಲೈ ೧೯೫೪

ಈಗ ಸಂಪಾಜೆಯಲ್ಲಿರುವ ಗಂಗಮ್ಮನವರಿಗೆ ಓವರ್‌ಸಿಯರ್ ವೆಂಕಟಕೃಷ್ಣನ ನಮಸ್ಕಾರಗಳು.

ಹೋದ ವರ್ಷ ಕೆಳಬೀದಿಯ ಜೌಗನ್ನು ಅರ್ಧ ಮುಚ್ಚಿ ನಾನು ಕಟ್ಟಿಸಿದ ಕಲ್ಲುಚರಂಡಿಯ ನೀರು ನುಗ್ಗಿಯೇ ನಿಮ್ಮ ಮನೆ ಬಿತ್ತು. ನಿಮ್ಮ ಯಜಮಾನರು ನಾಣಯ್ಯನವರು ಗೋಡೆಯಡಿ ಸಿಕ್ಕಿ ತೀರಿಕೊಂಡರು. "ನೀರು ನಿಲ್ಲಕ್ಕೆ ಜಾಗ ಬಿಡಿ ಅಯ್ಯ, ಓಡ್ಸಿದ್ರೆ ನಮ್ಮನೆಗೇ ಬತ್ತದೆ" ಎಂದು ನೀವು ಮೊದಲೇ ಹೇಳಿದ್ದಿರಿ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ಬೇಸಿಗೆಯಲ್ಲಿ ಉಳಿದರ್ಧವನ್ನೂ ಮುಚ್ಚಲು ಮೇಲಿನವರ ಆಜ್ಞೆ ಬಂತು. ನಾನು ಮುಚ್ಚಿಸಲಿಲ್ಲ. ಚರಂಡಿಯನ್ನು ಒಡೆಸಿ ನೀರನ್ನು ಜೌಗಿಗೇ ತಿರುಗಿಸಿ, ಮಣ್ಣು ಕೊಚ್ಚಿಹೋಗದಂತೆ ಅಂಚಿನುದ್ದಕ್ಕೂ ಲಾವಂಚದ ಹುಲ್ಲು ನೆಡಿಸಿದೆ. ಮೊನ್ನೆ ಐದು ದಿನ ಬಿಡದೆ ಮಳೆ ಹೊಡೆಯಿತು. ನೀರೆಲ್ಲ ಜೌಗಿನಲ್ಲಿ ಹರಡಿ ನಿಂತು, ನಿಧಾನವಾಗಿ ಇಳಿದುಹೋಯಿತು. ಒಂದು ಮನೆಯ ಜಗಲಿಗೂ ಹತ್ತಲಿಲ್ಲ. ಕೊಡೆ ಹಿಡಿದು ನೋಡುತ್ತಿದ್ದ ನನಗೆ ಸಂತೋಷವೇನೂ ಆಗಲಿಲ್ಲ. ನಿಮ್ಮ ಮನೆಯಿದ್ದ ಜಾಗಕ್ಕೆ ಹೋಗಿ ನಿಂತೆ.

ಆಜ್ಞೆ ಮೀರಿದ್ದಕ್ಕೆ ನನ್ನನ್ನು ಮಾಕುಟ್ಟಕ್ಕೆ ವರ್ಗ ಮಾಡಿದ್ದಾರೆ. ಹೊಸಬರು ಬಂದು ಜೌಗು ಮುಚ್ಚುವ ಮೊದಲು ನೀವೊಮ್ಮೆ ಬಂದು, ನನಗೆ ಹೇಳಿದ ಮಾತನ್ನೇ ಮೇಲಿನವರಿಗೂ ಹೇಳಬೇಕು. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಶುಕ್ರವಾರ ಕಳೆದ ಮೇಲೆ ಬನ್ನಿ. ಆಗ ನಾನಿಲ್ಲಿ ಇರುವುದಿಲ್ಲ.

ಇಂತಿ,
ವೆಂಕಟಕೃಷ್ಣ