ಅನುಷ್ಕಾಳ ಮನೆಯ ನೀಲಿ ಗೋಡೆ

ಕೋಪರಿ, ಥಾಣೆ ಪೂರ್ವ
ಭಾನುವಾರ, 22 ಜೂನ್ 2014

ಪ್ರೀತಿಯ ಸುಬ್ಬಲಕ್ಷ್ಮಿ ಅಕ್ಕನಿಗೆ,

ಮೂರನೆಯ ಮಾಳಿಗೆಯ ಜಯಲತಾ ಮಾಡುವ ನಮಸ್ಕಾರ. ಮೈಸೂರಿನ ಮನೆಯಲ್ಲಿ ಸಾಮಾನೆಲ್ಲ ಜೋಡಿಸಿ ಆಗಿರಬಹುದು. ನಿವೃತ್ತಿಯಾದ ಮೇಲೆ ಜಗನ್ನಾಥ ಭಾವನಿಗೆ ಹೊತ್ತು ಹೋಗುತ್ತದೋ ಇಲ್ಲವೋ. ಇಪ್ಪತ್ತಾರು ವರ್ಷ ಒಂದೇ ಮೆಟ್ಟಿಲು ಹತ್ತಿ ಇಳಿದವರಿಗೆ ಪತ್ರ ಬರೆಯುವುದೆಂದರೆ ಕೈ ಓಡುವುದಿಲ್ಲ. ಎರಡು ಸಲ ಫೋನ್ ಮಾಡಿದೆ. ಥಾಣೆಯಲ್ಲಿ ಮಳೆ ಹಿಡಿಯಿತಾ ಎಂದು ನೀವು ಕೇಳಿದಿರಿ, ಇನ್ನೂ ಸರಿಯಾಗಿ ಇಲ್ಲ ಎಂದು ನಾನು ಹೇಳಿದೆ, ಮಾತು ಅಲ್ಲಿಗೇ ಮುಗಿಯಿತು. ನನ್ನ ಮನಸ್ಸಿನಲ್ಲಿದ್ದ ವಿಷಯ ಎತ್ತಿದ್ದರೆ ನೀವು “ಬಿಡಿ ಜಯಾ” ಎಂದುಬಿಡುತ್ತಿದ್ದಿರಿ. ಪತ್ರದ ನಡುವೆ ನಿಮಗೆ ಬಾಯಿ ಹಾಕಲು ಬರುವುದಿಲ್ಲ. ದಯಮಾಡಿ ಪೂರ್ತಿ ಓದಿ.

ಅನುಷ್ಕಾಳ ಖಾರ್ಘರ್ ಮನೆಯ ಗೋಡೆಗೆ ಹಚ್ಚಿದ್ದ ನೀಲಿ ಬಣ್ಣದ ಮೇಲೆ ಬೇರೆ ಬಣ್ಣ ಹೊಡೆಸಿದವಳು ನಾನು. ಇದು ನಿಮಗೆ ಗೊತ್ತು. ನಿಮಗೆ ಗೊತ್ತಿದೆ ಎಂದು ನನಗೂ ಗೊತ್ತು. ಆದರೆ ನಾವಿಬ್ಬರೂ ಬಾಯಿ ಬಿಟ್ಟು ಒಂದು ದಿನವೂ ಹೇಳಿಕೊಳ್ಳಲಿಲ್ಲ.

ಹಿಂದಿನದ್ದು ಸ್ವಲ್ಪ ಹೇಳಬೇಕು. ಮಗಳಿಗೆ ಎರಡು ವರ್ಷವಾದಾಗ ನಾನು ವಾಗ್ಳೆ ಎಸ್ಟೇಟಿನ ಔಷಧಿ ಕಂಪನಿಯ ಪ್ಯಾಕಿಂಗ್ ಕೆಲಸಕ್ಕೆ ಸೇರಿದೆ. ಬೆಳಿಗ್ಗೆ ಏಳೂವರೆಗೆ ಹೊರಟರೆ ಮನೆ ಸೇರುವಾಗ ಸಂಜೆ ಆರು. ಇವರದು ಮುಲುಂಡಿನ ಹೋಟೆಲಿನ ಕೆಲಸ, ಅದಕ್ಕೆ ಹೊತ್ತುಗೊತ್ತು ಇಲ್ಲ. ಮಗುವನ್ನು ಎಲ್ಲಿ ಬಿಡುವುದು ಎಂದು ನಾನು ಮೆಟ್ಟಿಲಲ್ಲಿ ನಿಂತು ಅಳುತ್ತಿದ್ದಾಗ ನೀವು ಎರಡನೆಯ ಮಾಳಿಗೆಯ ಬಾಗಿಲು ತೆರೆದು, “ಇಲ್ಲಿ ಬಿಡಿ, ನಾನು ಮನೇಲೇ ಇರ್ತೀನಲ್ಲ” ಎಂದಿರಿ. ನಿಮ್ಮ ತರುಣ್ ಆಗ ಹುಟ್ಟಿರಲೂ ಇಲ್ಲ.

ಅಂದು ಒಳಗೆ ಹೋದವಳು ಹೊರಗೆ ಬರಲೇ ಇಲ್ಲ ಎಂದು ನನಗೆ ಎಷ್ಟೋ ಸಲ ಅನಿಸಿದೆ. ನಮ್ಮದು ತುಳು ಮನೆ. ಅವಳು ನಮಗೆ ಉತ್ತರ ಕೊಡುವುದು ಹಿಂದಿಯಲ್ಲಿ. ಆದರೆ ಕನ್ನಡ ಬಂತೆಂದರೆ ಅಪ್ಪಟ ನಿಮ್ಮ ಮೈಸೂರು ಕನ್ನಡ, “ಹೂಂ ಕಣಮ್ಮ” ಎಂದು ರಾಗ ಎಳೆಯುವುದು ಸಹ. ನನ್ನ ನೀರುದೋಸೆ ತಿಂದು ಚೆನ್ನಾಗಿದೆ ಎನ್ನುತ್ತಾಳೆ, ಜ್ವರ ಬಂದರೆ ನಿಮ್ಮ ಮೆಣಸಿನ ಸಾರು ಕೇಳುತ್ತಾಳೆ. ನಿಮ್ಮನ್ನು ದೊಡ್ಡಮ್ಮ ಎಂದು ಕರೆಯಲು ಅವಳಿಗೆ ನಾನು ಕಲಿಸಿದ್ದಲ್ಲ. ಮೊದಲ ಸಲ ಋತುಮತಿಯಾದಾಗ ನನಗೆ ಗೊತ್ತಾದದ್ದು ಸಂಜೆ ಆರಕ್ಕೆ, ನಿಮ್ಮ ಬಾಯಿಂದ. ಉಪಕಾರ ನೆನೆಯಬೇಕಾದ ಜಾಗದಲ್ಲಿ ನಾನು ಇದನ್ನೆಲ್ಲ ಒಂದೊಂದಾಗಿ ಒಳಗೆ ಕೂಡಿಟ್ಟುಕೊಂಡೆ. ಹೊರಗೆ ಮಾತ್ರ “ಅಕ್ಕ ಇಲ್ಲದಿದ್ದರೆ ನಮ್ಮ ಗತಿ ಏನಾಗುತ್ತಿತ್ತು” ಎಂದು ಎಲ್ಲರ ಹತ್ತಿರ ಹೇಳುತ್ತಿದ್ದೆ. ಆ ಮಾತೂ ಸುಳ್ಳಲ್ಲ.

ಮದುವೆಯ ಮಾತು ಎತ್ತಿದಾಗಲೆಲ್ಲ ಮೊದಲು ಮನೆ ಎನ್ನುತ್ತಿದ್ದವಳು ಹೇಳಿದಂತೆಯೇ ಖಾರ್ಘರಿನಲ್ಲಿ ಸ್ವಂತ ಮನೆ ಮಾಡಿದಳು. ಜನವರಿಯಲ್ಲಿ ಬಣ್ಣದ ನಮೂನೆಗಳ ಶೇಡ್ ಕಾರ್ಡ್ ತಂದು ನನ್ನ ಮುಂದೆ ಹರಡಿ, ಹಾಲ್‌ನ ಒಂದು ಗೋಡೆಗೆ ನೇವಿ ಬ್ಲೂ ಹಾಕಿಸಿದರೆ ಹೇಗೆ ಎಂದು ಕೇಳಿದಳು. ನಾನು ಕಾರ್ಡನ್ನು ಸರಿಯಾಗಿ ನೋಡಲೂ ಇಲ್ಲ. ವಾಸದ ಮನೆಗೆ ಅಂಥ ಕಪ್ಪು ನೀಲಿ ಯಾರಾದರೂ ಹಾಕುತ್ತಾರಾ, ಅದು ಶನಿಯ ಬಣ್ಣ, ಸಣ್ಣ ಹಾಲ್ ಇನ್ನೂ ಸಣ್ಣದಾಗಿ ಕಾಣುತ್ತದೆ, ಕ್ರೀಮ್ ಹಾಕಿಸು ಎಂದೆ. ಅವಳು ಕಾರ್ಡನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಒಪ್ಪಿದಳು ಎಂದುಕೊಂಡೆ.

ಮುಂದಿನ ಭಾನುವಾರ ಆಫೀಸಿದೆ ಎಂದು ಬೆಳಿಗ್ಗೆ ಹೊರಟಳು. ಮರುದಿನ ನಾನು ಬಟ್ಟಲು ವಾಪಸು ಕೊಡಲು ನಿಮ್ಮಲ್ಲಿಗೆ ಬಂದೆನಲ್ಲ, ಊಟದ ಮೇಜಿನ ಮೇಲೆ ಅದೇ ಶೇಡ್ ಕಾರ್ಡ್ ಇತ್ತು. ಪಕ್ಕದಲ್ಲಿ ಐದು ರಟ್ಟಿನ ತುಂಡುಗಳು, ಐದಕ್ಕೂ ಐದು ಬಗೆಯ ಕಡು ನೀಲಿ. ನೀವು ಏನೂ ಮುಚ್ಚಿಡದೆ, “ನಿನ್ನೆ ಇಡೀ ದಿನ ಇದೇ ಆಟ ನಮ್ದು. ಬೆಳಕಲ್ಲಿ ಹಿಡಿ, ನೆರಳಲ್ಲಿ ಹಿಡಿ, ಟ್ಯೂಬ್‌ಲೈಟಲ್ಲಿ ಹಿಡಿ” ಎಂದು ನಕ್ಕಿರಿ. ನಾನೂ ನಕ್ಕೆ. ಮೇಲೆ ಹೋಗಿ ಅಕ್ಕಿ ತೊಳೆಯಲು ಕೂತವಳು ನೀರು ತುಂಬಿ ಹರಿಯುವವರೆಗೂ ನಲ್ಲಿ ನಿಲ್ಲಿಸಲಿಲ್ಲ. ಹೆತ್ತವಳಿಗೆ ಆಫೀಸು ಎಂದು ಸುಳ್ಳು ಹೇಳಿ, ಒಂದು ಮಾಳಿಗೆ ಕೆಳಗೆ, ನನ್ನ ಕಾಲಡಿಯಲ್ಲೇ, ನಿಮ್ಮ ಜೊತೆ ಇಡೀ ದಿನ ಕೂತಿದ್ದಳು.

ಆಮೇಲೆ ನಡೆದದ್ದನ್ನು ನಿಮಗೆ ಯಾರೂ ಸರಿಯಾಗಿ ಹೇಳಿಲ್ಲ. ಪೇಂಟರ್ ಮಾನಪ್ಪನಿಗೆ ಬಾಗಿಲು ತೆರೆದುಕೊಡಲು ಕೊನೆಯ ದಿನ ಅವಳು ಬೀಗದ ಕೈ ಕೊಟ್ಟದ್ದು ನನಗೆ. ಫೆಬ್ರವರಿಯ ಒಂದು ಗುರುವಾರ ರಜೆ ಹಾಕಿ ಪನ್ವೇಲ್ ಲೋಕಲ್ ಗಾಡಿ ಹಿಡಿದು ಖಾರ್ಘರಿಗೆ ಹೋದೆ. ಹಾಲ್‌ನ ಗೋಡೆಗೆ ಎರಡು ಕೋಟ್ ನೀಲಿ ಆಗಿತ್ತು. ಅಕ್ಕ, ನಿಜ ಹೇಳುತ್ತೇನೆ, ಅದು ಚಂದ ಇತ್ತು. ಕಿಟಕಿಯ ಬೆಳಕು ಬಿದ್ದಲ್ಲಿ ಗೋಡೆ ಹೊಸ ರೇಷ್ಮೆಯ ಹಾಗೆ ಇತ್ತು. ಚಂದ ಇರದಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಮುಂದೆ ಬಂದವರೆಲ್ಲ ಯಾರು ಆರಿಸಿದ್ದು ಎಂದು ಕೇಳುತ್ತಾರೆ, ಅವಳು ದೊಡ್ಡಮ್ಮ ಎನ್ನುತ್ತಾಳೆ, ಸಾಯುವವರೆಗೂ ನಾನು ಆ ಗೋಡೆಯ ಎದುರು ಕೂತು ಚಹಾ ಕುಡಿಯಬೇಕು. ಇದೊಂದೇ ತಲೆಯಲ್ಲಿ ತಿರುಗಿತು.

ಮಾನಪ್ಪನಿಗೆ ಇದರ ಮೇಲೆ ಕ್ರೀಮ್ ಹೊಡೆದುಬಿಡು ಎಂದೆ.

ಅವನು ರೋಲರ್ ಕೆಳಗಿಟ್ಟು ನನ್ನನ್ನೇ ನೋಡಿದ. “ಮೇಡಮ್ನೋರು ನಿನ್ನಿ ಸಂಜೀಕ ಬಂದು ನೋಡಿ ಭಾಳ ಖುಷಿ ಆಗಿದ್ರಲ್ರೀ ಅಕ್ಕಾರ. ಈ ಬಣ್ಣದ ಮ್ಯಾಲ ತಿಳಿ ಬಣ್ಣ ಕುಂದ್ರಂಗಿಲ್ರಿ, ಒಳಗಿಂದ ನೀಲಿ ಇಣುಕತದ” ಎಂದ.

ನನ್ನ ಬಾಯಿಂದ ಬಂದ ಮಾತು ಇದು: “ಬಣ್ಣ ಆರಿಸಿಕೊಟ್ಟ ಸುಬ್ಬಲಕ್ಷ್ಮಿ ಅಮ್ಮನವರೇ ಈಗ ಬೇಡ ಅಂತ ಫೋನ್ ಮಾಡಿದ್ದಾರೆ. ನೀನು ಹಚ್ಚು.”

ಮುಂಚೆ ಯೋಚಿಸಿ ಹೇಳಿದ್ದಲ್ಲ. ಆದರೆ ಹೇಳಿದ ಮೇಲೆ ತಿದ್ದಿಕೊಳ್ಳಲೂ ಇಲ್ಲ. ಸ್ಟೂಲಿನ ಮೇಲೆ ಕೂತು ಸಂಜೆಯವರೆಗೆ ಹಚ್ಚಿಸಿದೆ. ಮಾನಪ್ಪ ಹೇಳಿದಂತೆಯೇ ಆಯಿತು, ಕ್ರೀಮೂ ಅಲ್ಲ, ನೀಲಿಯೂ ಅಲ್ಲ.

ಆ ಸಂಜೆ ಅವಳು ಖಾರ್ಘರಿನಿಂದ ನೇರವಾಗಿ ನಿಮ್ಮ ಬಾಗಿಲಿಗೆ ಬಂದಳು. ಅವಳ ಧ್ವನಿ ಕೇಳಿ ನಾನು ನಮ್ಮ ಮೆಟ್ಟಿಲಿನ ತಿರುವಿಗೆ ಬಂದು ನಿಂತೆ. ಯಾಕೆ ಹೀಗೆ ಮಾಡಿದಿರಿ, ನನಗೊಂದು ಮಾತು ಹೇಳಬಾರದಿತ್ತಾ ಎಂದು ಅವಳು ಕೇಳುತ್ತಿದ್ದಳು. ನೀವು ಏನು ಎತ್ತ ಎಂದು ತಿಳಿಯದೆ, “ಯಾರು ಹೇಳಿದ್ರು ನಿಂಗೆ?” ಎಂದಿರಿ. ನೀವು ಫೋನ್ ಮಾಡಿದಿರಂತೆ, ಅಮ್ಮ ಆ ಮಾತು ತಲುಪಿಸಿದಳಷ್ಟೇ ಎಂದು ಮಾನಪ್ಪ ಹೇಳಿದ್ದಾನೆ ಎಂದಳು. ಆಗ ನೀವು ತಲೆ ಎತ್ತಿ ಅವಳ ಭುಜದ ಮೇಲಿಂದ ನನ್ನನ್ನು ನೋಡಿದಿರಿ. ನಾನು ಕಂಬಿ ಹಿಡಿದುಕೊಂಡು ನಿಂತಿದ್ದೆ. ಒಂದು ಗಳಿಗೆ ಅಷ್ಟೇ.

“ಹೌದು ಪುಟ್ಟಾ, ನಾನೇ ಹೇಳ್ದೆ. ತುಂಬಾ ಕತ್ತಲೆ ಅನ್ನಿಸ್ತು” ಎಂದಿರಿ.

ನನ್ನ ಎದೆಯ ಭಾರ ಇಳಿಯಿತು. ಕೂಡಲೇ ಅದಕ್ಕೂ ಹೊಟ್ಟೆ ಉರಿಯಿತು. ತಪ್ಪು ಹೊರುವುದರಲ್ಲೂ ನೀವೇ ದೊಡ್ಡವರಾದಿರಲ್ಲ ಎಂದು.

ಮಾರ್ಚಿನ ಗೃಹಪ್ರವೇಶಕ್ಕೆ ನೀವು ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿರಿ. “ಊಟ ಮಾಡಿಕೊಂಡು ಹೋಗಿ” ಎಂದು ಅವಳು ಹೇಳಿದಳು, ಹೊರಗಿನವರಿಗೆ ಹೇಳುವ ಹಾಗೆ. ಆ ದಿನ ನನ್ನಷ್ಟು ಸಂತೋಷಪಟ್ಟವರು ಯಾರೂ ಇರಲಿಲ್ಲ. ಅಮ್ಮಾ ಅದೆಲ್ಲಿ, ಅಮ್ಮಾ ಇದೆಲ್ಲಿ ಎಂದು ಅವಳು ಇಡೀ ದಿನ ನನ್ನ ಹಿಂದೆಯೇ ಇದ್ದಳು. ಡೊಂಬಿವಲಿಯ ನನ್ನ ನಾದಿನಿ ವಾರಿಜ ಮಾತ್ರ ಗೋಡೆ ನೋಡಿ, “ಇದೆಂಥ ಬಣ್ಣ ಮಾರಾಯ್ತಿ, ಒಗೆಯದ ಬನಿಯನಿನ ಹಾಗೆ ಉಂಟು” ಎಂದಳು. ಅನುಷ್ಕಾ ಒಳಗೆ ಹೋದಳು. ಏಪ್ರಿಲಿನಲ್ಲಿ ನಿಮ್ಮ ಸಾಮಾನು ಲಾರಿಗೆ ಏರಿದ ದಿನವೂ ಅವಳು ಬರಲಿಲ್ಲ. ಹುಷಾರಿಲ್ಲವಂತೆ ಎಂದು ನಿಮಗೆ ಹೇಳಿದವಳು ನಾನು. ಅವಳು ಹುಷಾರಾಗಿಯೇ ಇದ್ದಳು.

ಮೇ ತಿಂಗಳ ಕೊನೆಯ ಭಾನುವಾರ ಅವಳೇ ನೇವಿ ಬ್ಲೂ ಡಬ್ಬ ತಂದು, ಮಳೆ ಶುರುವಾಗುವುದರೊಳಗೆ ಹಚ್ಚಿಬಿಡೋಣ, ನೀನೂ ಬಾ ಎಂದು ನನ್ನನ್ನು ಕರೆದಳು. ಹೋದೆ. ನೆಲಕ್ಕೆ ಹಳೆಯ ಪೇಪರ್ ಹಾಸಿ, ಹಳೆಯ ನೈಟಿ ಹಾಕಿಕೊಂಡು, ಮೇಲಿನ ಭಾಗ ಅವಳು, ಕೆಳಗಿನ ಭಾಗ ನಾನು. ಹೀಗೆ ಇಡೀ ದಿನ ಅಕ್ಕಪಕ್ಕ ನಿಂತು ನಾವಿಬ್ಬರೂ ಒಂದು ಕೆಲಸ ಮಾಡಿದ್ದು ನನಗೆ ನೆನಪಿಲ್ಲ. ಎರಡನೆಯ ಕೋಟ್ ಹಚ್ಚುವಾಗ ಅವಳು ನಿಮ್ಮ ಮಾತು ತೆಗೆದಳು. ದೊಡ್ಡಮ್ಮನ ಫೋನ್ ಬಂದರೂ ತೆಗೆಯುತ್ತಿಲ್ಲ ಎಂದಳು. ಹೂಂ ಎಂದೆ. ಬೆನ್ನ ಹಿಂದೆ ಹೀಗೆ ಮಾಡುವವರು ಎಂದು ಗೊತ್ತಿರಲಿಲ್ಲ ಎಂದಳು. ಅದಕ್ಕೂ ಹೂಂ ಎಂದೆ. ಆಮೇಲೆ ರೋಲರ್ ಅದ್ದುತ್ತಾ, ನನ್ನ ಕಡೆ ತಿರುಗದೆಯೇ, “ನೀನಾದ್ರೆ ಬೇಡ ಅಂತ ಮುಖಕ್ಕೇ ಹೇಳ್ತೀಯ ಅಮ್ಮ. ನಂಬೋದಾದ್ರೆ ನಿನ್ನನ್ನೇ” ಎಂದಳು.

ಆ ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆ ಎಂದು ನಿಮಗೆ ಹೇಗೆ ಹೇಳಲಿ. ಅದು ಬಂದಾಗ ಕದ್ದ ಸರ ಕೊರಳಿಗೆ ಹಾಕಿದ ಹಾಗಾಯಿತು. ಎಲ್ಲ ಹೇಳಿದೆ. ಮಾನಪ್ಪನ ಹತ್ತಿರ ಹೇಳಿದ ಸುಳ್ಳು, ಮೆಟ್ಟಿಲಲ್ಲಿ ನಿಂತದ್ದು, ನೀವು ನನ್ನನ್ನು ನೋಡಿ ಒಪ್ಪಿಕೊಂಡದ್ದು, ಒಂದನ್ನೂ ಬಿಡಲಿಲ್ಲ.

ಅವಳು ಕೂಗಾಡಲಿಲ್ಲ. ರೋಲರನ್ನು ಪೇಪರಿನ ಮೇಲಿಟ್ಟು ನೆಲದ ಮೇಲೆ ಕೂತಳು. ಸಿಟ್ಟು ಬಂದರೆ ಅವಳಿಗೆ ನಿಮ್ಮ ಕನ್ನಡವೇ ಬರುವುದು. “ದೊಡ್ಡಮ್ಮಂಗೂ ಈ ಬಣ್ಣ ಇಷ್ಟ ಇರ್ಲಿಲ್ಲ, ಗೊತ್ತಾ ನಿಂಗೆ? ಅವ್ರೂ ಕ್ರೀಮೇ ಹಾಕ್ಸು ಅಂದ್ರು. ಆರ್ಸಿದ್ದು ನಾನು” ಎಂದಳು.

ಹಾಗಾದರೆ ನನಗೆ ಸುಳ್ಳು ಹೇಳಿ ಅಲ್ಲಿಗೆ ಹೋದದ್ದು ಯಾಕೆ ಎಂದು ಕೇಳಿದೆ. ಕೇಳುವ ಮುಖ ನನಗಿರಲಿಲ್ಲ, ಆದರೂ ಕೇಳಿದೆ.

“ನಿನ್ನ ಕೇಳಿದ್ರೆ ನೀನು ಉತ್ತರ ಹೇಳಿ ಮುಗಿಸ್ಬಿಡ್ತೀಯ. ದೊಡ್ಡಮ್ಮನ್ನ ಕೇಳಿದ್ರೆ, ನಂಗಿಷ್ಟ ಇಲ್ಲ, ಆದ್ರೆ ನಿಂಗ್ಯಾಕಿಷ್ಟ ಹೇಳು ಅಂತ ವಾಪಸ್ ನನ್ನೇ ಕೇಳ್ತಾರೆ. ಅಷ್ಟೇನೇ ಅಮ್ಮ ವ್ಯತ್ಯಾಸ.”

ಗೋಡೆಯ ಉಳಿದ ಭಾಗವನ್ನು ಅವಳೊಬ್ಬಳೇ ಮುಗಿಸಿದಳು. ನಾನು ಒಬ್ಬಳೇ ಥಾಣೆ ಗಾಡಿ ಹತ್ತಿದೆ. ಆಮೇಲೆ ಹದಿನೇಳು ದಿನ ಅವಳು ಫೋನ್ ಎತ್ತಲಿಲ್ಲ. ಇವರು ಏನಾಯಿತು ಎಂದು ಕೇಳಿದರೆ ಆಫೀಸಿನಲ್ಲಿ ಕೆಲಸ ಜಾಸ್ತಿಯಂತೆ ಎನ್ನುತ್ತಿದ್ದೆ. ಹದಿನೆಂಟನೆಯ ದಿನ ಬಂದು, ಚಪ್ಪಲಿ ಬಿಟ್ಟು, ನೀರು ಕುಡಿದು, ಊಟಕ್ಕೆ ಏನಿದೆ ಎಂದು ಕೇಳಿದಳು. ಇದ್ದದ್ದು ಬಸಳೆ ಸಾಂಬಾರು. ಬಡಿಸಿದೆ. ಪೂರ್ತಿ ಕ್ಷಮಿಸಿಲ್ಲ ಎಂದು ಗೊತ್ತಾಯಿತು. ಆದರೂ ಎರಡನೆಯ ಸಲ ಅನ್ನ ಹಾಕಿಸಿಕೊಂಡಳು.

ಅಕ್ಕ, ನೀವು ನನ್ನ ಮಗಳನ್ನು ಕಸಿದುಕೊಳ್ಳಲಿಲ್ಲ. ನಾನು ಇಲ್ಲದ ಹೊತ್ತಿನಲ್ಲಿ ಅವಳ ಜೊತೆ ಇದ್ದಿರಿ. ಕೆಲಸಕ್ಕೆ ಹೋದದ್ದು ತಪ್ಪು ಎಂದು ನಾನು ಈಗಲೂ ಹೇಳುವುದಿಲ್ಲ. ಆದರೆ ನಾನು ಕಳೆದುಕೊಂಡ ಗಂಟೆಗಳ ಸಿಟ್ಟನ್ನು ಆ ಗಂಟೆಗಳನ್ನು ಕೊಟ್ಟವರ ಮೇಲೆ ತೀರಿಸಿಕೊಂಡೆ. ನಾಲ್ಕು ತಿಂಗಳು ಅವಳು ನಿಮಗೆ ಬೆನ್ನು ಹಾಕಿದ್ದನ್ನು ನೋಡುತ್ತಾ ಇದ್ದೆ, ನೀವು ಹೋಗುವ ದಿನವೂ ಬಾಯಿ ಬಿಡಲಿಲ್ಲ. ನೀವು ಲಾರಿಯ ಹಿಂದಿನ ರಿಕ್ಷಾ ಹತ್ತುವಾಗ ಮೇಲೆ ನೋಡಿದಿರಲ್ಲ, ನನ್ನನ್ನು ನೋಡಿದ್ದಲ್ಲ, ಅವಳು ಬಂದಳಾ ಎಂದು ನೋಡಿದ್ದು. ಆ ಮುಖ ನನಗೆ ಮರೆಯುತ್ತಿಲ್ಲ. ನನ್ನನ್ನು ಕ್ಷಮಿಸಿ. ಬಿಡಿ ಜಯಾ ಎಂದು ಮಾತ್ರ ಬರೆಯಬೇಡಿ. ಸಿಟ್ಟಿದ್ದರೆ ಸಿಟ್ಟನ್ನೇ ಬರೆಯಿರಿ.

ಭಾವನಿಗೂ ತರುಣನಿಗೂ ನನ್ನ ನೆನಪು ತಿಳಿಸಿ.

ನಿಮ್ಮ ಮನೆಯ ಮೇಲಿನ ಮನೆಯವಳು,
ಜಯಲತಾ

ಮತ್ತೊಂದು ಮಾತು: ಇದನ್ನು ನಾನಾಗಿಯೇ ಬರೆದೆ ಎಂದು ನೀವು ತಿಳಿದರೆ ಅದೂ ಒಂದು ಸುಳ್ಳಾಗುತ್ತದೆ. ಮೊದಲು ನೀನು ಅವರಿಗೆ ಬರೆ, ಆಮೇಲೆಯೇ ನಾನು ಮುಖ ತೋರಿಸುತ್ತೇನೆ ಎಂದು ಅನುಷ್ಕಾ ಹಟ ಹಿಡಿದಳು. ಜುಲೈ ಹತ್ತಕ್ಕೆ ಮೈಸೂರಿಗೆ ಬರುತ್ತಾಳೆ, ಟಿಕೆಟ್ ಆಗಿದೆ. ಐದು ದಿನ ರಜೆ ಹಾಕಿದ್ದಾಳೆ. ಒಳ್ಳೆಯ ಬುದ್ಧಿ ಬಂದ ಮೇಲೂ ಕೇಳುತ್ತಿದ್ದೇನೆ ಅಕ್ಕ, ನಾಲ್ಕನೆಯ ದಿನಕ್ಕೆ ಕಳಿಸಿಕೊಡಿ, ಒಂದು ದಿನ ನನಗಿರಲಿ.