ಯಾಕೂಬಸಾಬರದೊಂದು ಪುಟ

೯ ಜನವರಿ ೧೯೧೧, ಸೋಮವಾರ. ಇಳಕಲ್

ಸಾಲೆ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದೆ. ಬಾಗಿಲಲ್ಲಿ ನೇಕಾರ ಅಮಸಿದ್ದಪ್ಪ. ನೇಕಾರರ ಹೊಸ ಸಹಕಾರಿ ಸೊಸಾಯಿಟಿಗೆ ಚೇರ್ಮನ್ ಆರಿಸಬೇಕು. ಹೆಸರು ಎರಡು — ನೂಲಿನ ಸಾಹುಕಾರರು, ಬಣ್ಣಗಾರ ಯಾಕೂಬಸಾಬರು. ಧಾರವಾಡದಿಂದ ಸರ್ಕಾರದ ಸಾಹೇಬರು ಇಪ್ಪತ್ತೊಂದಕ್ಕೆ ಬರುತ್ತಾರೆ. ಇಬ್ಬರ ಬಗ್ಗೆಯೂ ಸಭೆಯಲ್ಲಿ ಒಂದೊಂದು ಪುಟ ಓದಬೇಕಂತೆ. ಯಾರು, ಏನು ಮಾಡಿದ್ದಾರೆ, ಯಾಕೆ ನಂಬಬೇಕು.

"ಸಾಹುಕಾರರದು ಬಾಗಲಕೋಟಿ ವಕೀಲರು ಬರ್ಯಾಕತ್ತಾರ. ಅವರೇ ಚೇರ್ಮನ್ ಆದ್ರ ನೂಲೂ ಅವರದ, ಸೊಸಾಯಿಟಿನೂ ಅವರದ. ಆಮ್ಯಾಲೆ ನಾವು ಬಾಯಿ ತಗ್ಯಾಂಗಿಲ್ಲ. ಕಾಶಪ್ಪ ಮಾಸ್ತರ, ನಮ್ಮದು ನೀವು ಬರೀರಿ."

ನಾನು! ಮಕ್ಕಳ ಕಾಪಿ ತಿದ್ದುವ ಕೈ. ಊರಿನ ಮುಂದೆ ಓದುವಂಥದ್ದು ಇದೇ ಮೊದಲು. ರೊಟ್ಟಿ ತಿನ್ನುವುದನ್ನೂ ಬಿಟ್ಟು ಕಾಗದ ಹುಡುಕಿದೆ, ಅಷ್ಟು ಖುಷಿ.

೧೧ ಜನವರಿ

ಮುಗಿಯಿತು! "ಸಕಲಗುಣಸಂಪನ್ನರೂ, ಧೈರ್ಯದಲ್ಲಿ ಮೇರುಸಮಾನರೂ, ದೀನಜನರ ಪಾಲಿನ ಕಲ್ಪವೃಕ್ಷವೂ ಆದ…" ಓಡಿಹೋಗಿ ಬಣ್ಣದ ಮನೆಯಲ್ಲೇ ಓದಿದೆ. ಯಾಕೂಬಸಾಬರು ನೀಲಿಯ ಬಾನಿಯಲ್ಲಿ ನೂಲು ಅದ್ದುತ್ತ ಪೂರ್ತಿ ಕೇಳಿದರು. ಆಮೇಲೆ —

"ಭಾಳ ಚಲೋ ಐತ್ರಿ ಮಾಸ್ತರ. ಇಂವ ಯಾರು? ನಮ್ಮೂರಾಂವನ?"

ಹರಿದು ಹಾಕಿದೆ.

೧೨ ಜನವರಿ

ಈ ಸಲ ಅವರನ್ನೇ ಕೇಳಿ ಬರೆದೆ. ಹುಟ್ಟಿದ್ದು, ಕಸುಬು ಹಿಡಿದದ್ದು, ಊರ ಪಂಚರಲ್ಲೊಬ್ಬರಾದದ್ದು — ಎಲ್ಲ ಇಸವಿ ಸಮೇತ. ಪದ್ಮವ್ವನಿಗೆ ಓದಿ ಹೇಳಿದೆ. ಅರ್ಧಕ್ಕೇ ಎದ್ದು ಒಲೆಯ ಕಡೆ ಹೋದಳು.

"ಸಾಲಿ ಹಾಜರಿ ಕರದಾಂಗ ಐತಿ. ಅವರ ಬಗ್ಗೆ ಅವರನ್ನ ಯಾಕ ಕೇಳ್ತೀರಿ? ಅವರ ಕಡೆಯಿಂದ ಉಪಕಾರ ಆದವರನ್ನ ಕೇಳ್ರಿ."

ನನ್ನ ಹೆಂಡತಿ! ಇದು ನನಗೇಕೆ ಹೊಳೆಯಲಿಲ್ಲ?

೧೩ ಜನವರಿ, ಮಧ್ಯಾಹ್ನ

ಸಿಕ್ಕಿತು! ಸಿಕ್ಕಿತು!

ನೇಯುವ ಗುರುಲಿಂಗವ್ವ ಹೇಳಿದ್ದು. ಪ್ಲೇಗಿನ ವರ್ಷ. ಊರೆಲ್ಲ ಹೊಲದ ಗುಡಿಸಲುಗಳಲ್ಲಿ. ನೇಯ್ದ ಸೀರೆಗಳು ಗಂಟುಗಂಟಾಗಿ ಬಿದ್ದಿದ್ದವು. ಇಳಕಲ್ಲಿನ ಬಟ್ಟೆಯಲ್ಲಿ ಬೇನೆ ಇದೆಯೆಂದು ಸಾಹುಕಾರರಿಂದ ಹಿಡಿದು ಯಾರೂ ಮುಟ್ಟಲೊಲ್ಲರು. ಯಾಕೂಬಸಾಬರು ಅಷ್ಟನ್ನೂ ದಿನಗಟ್ಟಲೆ ಬಿಸಿಲಿಗೆ ಹಾಕಿಸಿ, ಗಾಡಿಗೆ ಹೇರಿಕೊಂಡು ಬಾಗಲಕೋಟೆಗೆ ಹೋದರು. ಪೇಟೆಯಲ್ಲಿ ಜನ ದೂರ ಸರಿದರು. ಆಗ ಇವರು ಒಂದು ಸೀರೆ ಬಿಚ್ಚಿ, ಮೈತುಂಬ ಸುತ್ತಿಕೊಂಡು, ನಡುಪೇಟೆಯಲ್ಲಿ ಕೂತರಂತೆ. ದಾಡಿ ಬಿಟ್ಟ ಗಂಡಸು, ತಲೆಯ ಮೇಲೆ ಕೆಂಪು ಸೆರಗು! ಜನ ನಕ್ಕರು, ಕೂಗಿದರು. ಇವರು ಏಳಲಿಲ್ಲ. ಅಲ್ಲೇ ಉಂಡರು, ಅಲ್ಲೇ ಮಲಗಿದರು. "ಬ್ಯಾನಿ ಇದ್ರ ಮೊದಲು ನನಗ ಬರಲಿ." ವಾರ ಕಳೆಯಿತು. ಏನೂ ಆಗಲಿಲ್ಲ. ಒಬ್ಬಳು ಬಂದು ಸೀರೆ ಮುಟ್ಟಿ ನೋಡಿದಳು. ಆಮೇಲೆ ಗಾಡಿ ಖಾಲಿ.

"ಆ ವರ್ಷ ನಮ್ಮ ಒಲಿ ಹತ್ತಿದ್ದು ಅದರಿಂದ," ಎಂದಳು ಗುರುಲಿಂಗವ್ವ.

೧೩, ಸಂಜೆ

ಯಾಕೂಬಸಾಬರು ಒಲ್ಲೆ ಅಂದರು. ಅವರ ಮುಖ ಹಾಗೆ ಕೆಂಪಾದದ್ದನ್ನು ನಾನು ಕಂಡಿಲ್ಲ.

"ಹೆಣ್ಮಕ್ಕಳ ಸೀರಿ ಸುತಗೊಂಡ ಕುಂತಿದ್ದೆ ಅಂತ ಸಾಹೇಬರ ಮುಂದ ಓದ್ತೀರಿ? ನನ್ನ ಮರ್ಯಾದಿ ಏನಾಗಬೇಕು? ಚೇರ್ಮನ್‌ಗಿರೀನೂ ಬ್ಯಾಡ, ನಿಮ್ಮ ಪುಟಾನೂ ಬ್ಯಾಡ."

೧೮ ಜನವರಿ

ಐದು ದಿನ ಏನೂ ಬರೆಯಲಿಲ್ಲ. ಸಾಹುಕಾರರ ಪರಿಚಯ ಅಚ್ಚಾಗಿಯೇ ಬಂದಿದೆಯಂತೆ.

ಇವತ್ತು ಗುರುಲಿಂಗವ್ವ ತಾನೇ ನನ್ನನ್ನು ಬಣ್ಣದ ಮನೆಗೆ ಎಳೆದುಕೊಂಡು ಹೋದಳು. ಯಾಕೂಬಸಾಬರು ಬೆನ್ನು ತಿರುಗಿಸಿ ನಿಂತರು.

"ಅಣ್ಣಾ, ನೀ ಸುತಗೊಂಡ ಸೀರಿ ಯಾರದು?"

"…ನಿಂದವ್ವಾ."

"ನಾ ನೇಯ್ದದ್ದು. ಹಂಗಾರ ಅದರ ಕಥಿ ನಂದೂ ಹೌದು. ನಾ ಹೇಳಾಕಿ. ನಿನಗ ನಾಚಿಕಿ ಆದ್ರ ನೀ ಸಭಾಕ್ಕ ಬರಬ್ಯಾಡ."

ಕೈಯಲ್ಲಿದ್ದ ನೂಲು ಹಿಂಡಿ, ಹರವಿ, ನಮ್ಮ ಕಡೆ ತಿರುಗಿದರು. ಕೊನೆಗೆ — "ಬರಕೋರಿ ಮಾಸ್ತರ. ಆದ್ರ ಕಲ್ಪವೃಕ್ಷ ಬ್ಯಾಡ."

೨೧ ಜನವರಿ, ಶನಿವಾರ

ಹೇಗೆ ಬರೆಯಲಿ!

ಯಾಕೂಬಸಾಬರು ಸಭೆಗೆ ಬರಲೇ ಇಲ್ಲ. ಮೊದಲು ವಕೀಲರು ಓದಿದರು. ವಂಶ, ಬಿರುದು, ದಾನಧರ್ಮ. ಸಾಹೇಬರು ಎರಡು ಸಲ ಆಕಳಿಸಿದರು. ಆಮೇಲೆ ನಾನು. ಒಂದೇ ಪುಟ. ವಿಶೇಷಣ ಒಂದೂ ಇಲ್ಲ. ಸೀರೆ ಸುತ್ತಿಕೊಂಡ ಮಾತಿಗೆ ಬಂದಾಗ ಸಾಹುಕಾರರ ಕಡೆಯವರು ಹೋ ಎಂದು ನಕ್ಕರು. ನನ್ನ ದನಿ ನಿಂತಿತು. ಮುಗಿಯಿತು, ನಾನೇ ಕೆಡಿಸಿದೆ ಅಂದುಕೊಂಡೆ.

ಹಿಂದಿನಿಂದ ಒಬ್ಬಳು ಎದ್ದಳು, ಹುಸೇನಬಿ. "ನಗಬ್ಯಾಡ್ರಿ. ಆ ಗಾಡ್ಯಾಗ ನಂದೂ ಎರಡು ಸೀರಿ ಇದ್ದೂವು."

"ನಮ್ಮಪ್ಪನವೂ."

"ನಮ್ಮ ಮನೀವೂ ಇದ್ದೂವು."

ಒಬ್ಬೊಬ್ಬರೇ ಎದ್ದರು. ಉಳಿದದ್ದನ್ನು ನಾನು ಓದಲೇ ಇಲ್ಲ, ಅವರೇ ಪುಟ ಮುಗಿಸಿದರು. ಸಾಹೇಬರು ಕೇಳಿದ್ದು ಒಂದೇ ಮಾತು: "ಇವರು ಎಲ್ಲಿದ್ದಾರೆ?"

ಕರೆತರಲು ಓಡಿದವರಲ್ಲಿ ಸಾಹುಕಾರರ ಅಳಿಯನೂ ಇದ್ದ!

೨೨ ಜನವರಿ, ಬೆಳಗ್ಗೆ

ಚೇರ್ಮನ್ ಯಾಕೂಬಸಾಬರು ಬಂದು ಜಗುಲಿಯಲ್ಲಿ ಕೂತಿದ್ದಾರೆ. ತಲೆಗೆ ಹೊಸ ರುಮಾಲು. ಕೈ ಮಾತ್ರ ಅದೇ ನೀಲಿ. ಪದ್ಮವ್ವ ಒಳಗೆ ನಗುತ್ತಿದ್ದಾಳೆ.

"ಮಾಸ್ತರ, ನನ್ನ ಬಗ್ಗೆ ನೀವು ಬರದ್ರಿ. ಸೊಸಾಯಿಟಿ ಕಾಗದಕ್ಕ ಸಹಿ ಮಾತ್ರ ನಾನ ಹಾಕಬೇಕಂತ. ಹೆಬ್ಬಟ್ಟು ಒತ್ತಾಕ ಮನಸ್ಸಿಲ್ಲ. ಕಲಿಸ್ರಿ."

ಬರೆಯುವ ಪಾಟಿ ಹುಡುಕಿದೆ, ಸಾಲೆಯಲ್ಲಿದೆ. ಇರಲಿ, ಈ ಪುಟದಲ್ಲೇ ಕೆಳಗೆ ಜಾಗವಿದೆ. ಲೇಖಣಿ ಅವರ ಕೈಗೆ ಕೊಟ್ಟು, ಕೈ ಹಿಡಿದು ಬರೆಸುತ್ತೇನೆ —

ಯಾಕೂ